ಗ್ರಾಂಡೆ ದ್ವೀಪದ ಹಸಿರು ನೀರಿನಲ್ಲಿ

ಗುರುವಾರ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲೊಳಗೆ ಇಳಿಯುವ ಸ್ಕೂಬಾ ಕಲಿಯಲು ಗೋವಾಕ್ಕೆ ಹೊರಟಿದ್ದೇನೆ ಅಂದಾಗ ಧಾರವಾಡದ ಗೆಳತಿಯರೆಲ್ಲ ಒಂದೇ ಮಾತು ಹೇಳಿದರು. ‘ಅಲ್ಲಿ ನೀರು ರಾಡಿ, ಏನೂ ಕಾಣಲ್ಲ. ಅಂಡಮಾನಿಗೆ ಹೋಗು.’ ಮಾತು ಪೂರ್ತಿ ಸುಳ್ಳಲ್ಲ. ಮಾಂಡೋವಿ, ಝುವಾರಿ ಎರಡೂ ನದಿಗಳು ಇಲ್ಲೇ ಕಡಲು ಸೇರುತ್ತವೆ, ಜೊತೆಗೆ ಮಣ್ಣೂ ತರುತ್ತವೆ. ನೀರಿನ ತುಂಬ ಪ್ಲಾಂಕ್ಟನ್, ಅಂದರೆ ತೇಲಾಡುವ ಸಣ್ಣ ಸಣ್ಣ ಜೀವಿಗಳು. ನೀರಿನಡಿ 5–6 ಮೀಟರ್ ದೂರದವರೆಗೆ ಕಂಡರೆ ಇಲ್ಲಿಯವರು ಒಳ್ಳೆಯ ದಿನ ಅನ್ನುತ್ತಾರೆ. ಅಂಡಮಾನಿನಲ್ಲಿ 20 ಮೀಟರ್ ಕಾಣುವುದು ದೊಡ್ಡ ವಿಷಯವೇ ಅಲ್ಲ.

ಆದರೂ ನಾನು ವಾಸ್ಕೋ ರೈಲನ್ನೇ ಹತ್ತಿದೆ. ರಾತ್ರಿ ಧಾರವಾಡದಲ್ಲಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಕಡಲು. ಬೈನಾದಲ್ಲಿ ಚಿಕ್ಕಪ್ಪನ ಮನೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ನನ್ನ ತಂಗಿ ಇದ್ದಾಳೆ. ಚಿಕ್ಕಪ್ಪನ ಮಗಳು. ಹುಟ್ಟಿದ್ದು, ಬೆಳೆದದ್ದು ಎಲ್ಲ ಕಡಲ ಪಕ್ಕದಲ್ಲೇ. ಆದರೆ ಅದರೊಳಗೆ ತಲೆ ಹಾಕಿ ನೋಡಿದವಳಲ್ಲ. ‘ಅಕ್ಕಾ, ನೀ ಬಂದ್ರ ನಾನೂ ಬರ್ತೀನಿ’ ಅಂದಿದ್ದಳು. ಸ್ಕೂಬಾದಲ್ಲಿ ಯಾರೂ ಒಂಟಿಯಾಗಿ ಇಳಿಯುವುದಿಲ್ಲ. ಜೊತೆಗಾರ ಇರಲೇಬೇಕು. ನನ್ನ ಜೊತೆಗಾರ್ತಿ ಅವಳೇ ಅಂತ ಆಗಲೇ ತೀರ್ಮಾನವಾಯಿತು.

ವಾಸ್ಕೋ ಸ್ಟೇಷನ್ನಿನಿಂದ ಬೈನಾಕ್ಕೆ ಆಟೋದಲ್ಲಿ ಹೋಗುವಾಗ ಊರು ಬಿಟ್ಟು ಬಂದಂತೆಯೇ ಅನಿಸುವುದಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದು ನೆಲೆಯಾದ ಮಂದಿ ಇಲ್ಲಿ ಬಹಳ. ಚಹಾ ಅಂಗಡಿಯಲ್ಲಿ ನಮ್ಮದೇ ಮಾತು. ಚಿಕ್ಕಪ್ಪ ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ನಾನು ನೀರಿಗೆ ಇಳಿಯುತ್ತೇನೆ ಎಂದು ಕೇಳಿದ ತಕ್ಷಣ ಅವರಿಗೆ ನೆನಪಾದದ್ದು ಮರ್ಮಗೋವಾ ಬಂದರಿನ ಜರ್ಮನ್ ಹಡಗುಗಳ ಕಥೆ. 1943ರ ಮಾರ್ಚ್‌ನಲ್ಲಿ ಕಲ್ಕತ್ತೆಯಿಂದ ಬಂದ ಬ್ರಿಟಿಷರ ಗುಂಪೊಂದು ರಾತ್ರಿ ಎಹ್ರೆನ್‌ಫೆಲ್ಸ್ ಹಡಗಿಗೆ ನುಗ್ಗಿತು. ಹಡಗಿನವರೇ ಅದನ್ನು ಮುಳುಗಿಸಿಬಿಟ್ಟರು. ಪಕ್ಕದಲ್ಲಿದ್ದ ಇನ್ನೆರಡು ಜರ್ಮನ್ ಹಡಗು, ಒಂದು ಇಟಾಲಿಯನ್ ಹಡಗಿಗೂ ಅದೇ ಗತಿ ಆಯಿತು. ಚಿಕ್ಕಪ್ಪ ಇದನ್ನು ತಮ್ಮ ಕಣ್ಣೆದುರೇ ನಡೆದದ್ದು ಎಂಬಂತೆ ಹೇಳುತ್ತಾರೆ.

ಮಧ್ಯಾಹ್ನ ಪಾಠ. ಓದುವುದನ್ನೆಲ್ಲ ಮನೆಯಲ್ಲೇ ಮೊಬೈಲಿನಲ್ಲಿ ಮುಗಿಸಿಕೊಂಡು ಬಂದಿದ್ದೆವು. ಆರೋಗ್ಯದ ಬಗ್ಗೆ ಉದ್ದದ ಪ್ರಶ್ನೆಪಟ್ಟಿ ಕೊಟ್ಟರು. ಆಸ್ತಮಾ, ಹೃದಯ, ಕಿವಿ, ಬಸಿರು, ನಡೆಯುತ್ತಿರುವ ಔಷಧಿ ಎಲ್ಲವನ್ನೂ ಕೇಳುತ್ತಾರೆ. ಒಂದಕ್ಕೆ ಹೌದು ಅಂದರೂ ಡಾಕ್ಟರ ಸಹಿ ಬೇಕಾಗಬಹುದು. ಈ ಪಟ್ಟಿ ಕೊಡದೆ ನೀರಿಗೆ ಇಳಿಸುವವರ ಹತ್ತಿರ ಹೋಗಲೇಬೇಡಿ.

ನಮ್ಮ ಇನ್‌ಸ್ಟ್ರಕ್ಟರ್ ಕಾರವಾರದವರು. ಮೇಜಿನ ಮೇಲೆ ರೆಗ್ಯುಲೇಟರ್ ಇಟ್ಟು ಬಿಚ್ಚಿ ತೋರಿಸಿದರು. ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ, ನಾವೀಗ ಉಸಿರಾಡುತ್ತಿರುವ ಗಾಳಿಯೇ. ಅದನ್ನು ಶೋಧಿಸಿ, 200 ಬಾರ್, ಅಂದರೆ ಸುತ್ತಲಿನ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ತುಂಬಿರುತ್ತಾರೆ. ಅಷ್ಟು ಒತ್ತಡದ ಗಾಳಿಯನ್ನು ನಾವು ಎಳೆದಾಗ ಮಾತ್ರ, ಎಳೆದಷ್ಟು ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಬಾಯಿಗೆ ಕೊಡುವುದು ರೆಗ್ಯುಲೇಟರಿನ ಕೆಲಸ. ಫ್ರಾನ್ಸಿನಲ್ಲಿ ಝಾಕ್ ಕೂಸ್ಟೋ ಮತ್ತು ಎಮಿಲ್ ಗಾನ್ಯಾ 1943ರಲ್ಲಿ ಇದನ್ನು ಹೊಂದಿಸಿದರು. ಅದಕ್ಕೂ ಮೊದಲು ಆಳದಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹಿತ್ತಾಳೆಯ ಹೆಲ್ಮೆಟ್ ಹಾಕಿ, ದೋಣಿಯಿಂದ ಬರುವ ಗಾಳಿ ಪೈಪು ಹಿಡಿದೇ ನಡೆಯಬೇಕಿತ್ತು. ಅಂಗೈಯಲ್ಲಿ ಹಿಡಿಸುವ ಇಷ್ಟು ಸಣ್ಣ ಯಂತ್ರ ಮನುಷ್ಯನಿಗೆ ಇಡೀ ಕಡಲು ತೆರೆದುಕೊಟ್ಟಿತಲ್ಲ ಎಂದು ನನಗೆ ಅಚ್ಚರಿ. ಎಷ್ಟೋ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ.

ಶುಕ್ರವಾರ

ಇಡೀ ದಿನ ಈಜುಕೊಳ. ಮೊದಲು 200 ಮೀಟರ್ ಈಜು, ಆಮೇಲೆ 10 ನಿಮಿಷ ತೇಲುವುದು. ವೇಗದ ಲೆಕ್ಕ ಇಲ್ಲ. ಗಾಬರಿಯಾಗದೆ ಇರುತ್ತೀರಾ ಅಂತ ಮಾತ್ರ ನೋಡುತ್ತಾರೆ.

ಆಮೇಲೆ ಬಾಯಿಗೆ ರೆಗ್ಯುಲೇಟರ್ ಇಟ್ಟು ನೀರೊಳಗೆ ಕೂತೆವು. ಆ ಮೊದಲ ಉಸಿರನ್ನು ಹೇಗೆ ಹೇಳಲಿ? ತಲೆ ಪೂರ್ತಿ ನೀರಿನೊಳಗಿದೆ. ಮೈಯೆಲ್ಲ ಬೇಡ ಬೇಡ ಅನ್ನುತ್ತದೆ. ಆದರೂ ಎಳೆದಾಗ ಗಾಳಿ ಬರುತ್ತದೆ, ತಣ್ಣಗೆ, ಒಣಗಿದ್ದು. ಬಿಟ್ಟಾಗ ಗುಳ್ಳೆಗಳು ಕೆನ್ನೆ ಸವರಿ ಮೇಲೆ ಹೋಗುತ್ತವೆ. ಇನ್ನೊಂದು ಎಳೆತ. ಮತ್ತೆ ಬಂತು. ಆ ಹೊತ್ತಿಗೆ ಮೈ ನಂಬತೊಡಗುತ್ತದೆ.

ಸ್ಕೂಬಾದ ಮೊದಲ ನಿಯಮ, ಉಸಿರು ಹಿಡಿಯಬಾರದು. ಕಾರಣ ಸರಳ. ಪ್ರತಿ 10 ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು, ಅಂದರೆ ಕಡಲ ದಡದಲ್ಲಿ ಗಾಳಿಗೆ ಇರುವ ಒತ್ತಡದಷ್ಟು, ಜಾಸ್ತಿ ಆಗುತ್ತದೆ. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಎರಡು ಪಟ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೇರಿದರೆ ಶ್ವಾಸಕೋಶಕ್ಕೆ ಪೆಟ್ಟು. ಅದಕ್ಕೇ ರೆಗ್ಯುಲೇಟರ್ ಬಾಯಲ್ಲಿ ಇಲ್ಲದಾಗಲೂ ತುಟಿಯಿಂದ ಸಣ್ಣ ಗುಳ್ಳೆ ಬಿಡುತ್ತಲೇ ಇರಬೇಕು. ಅದನ್ನೂ ಅಭ್ಯಾಸ ಮಾಡಿಸಿದರು. ಮಾಸ್ಕಿನೊಳಗೆ ನೀರು ತುಂಬಿಸಿ, ಮೇಲಂಚು ಒತ್ತಿ, ಮೂಗಿನಿಂದ ಊದಿ ಹೊರಹಾಕುವುದು. ತಂಗಿಯ ಗಾಳಿ ಮುಗಿದಿದೆ ಅಂದುಕೊಂಡು ನನ್ನ ಸಿಲಿಂಡರಿನ ಎರಡನೇ ರೆಗ್ಯುಲೇಟರ್ ಅವಳಿಗೆ ಕೊಡುವುದು. ಕೈಸನ್ನೆಗಳು. ಹೆಬ್ಬೆರಳು ಮೇಲೆ ಮಾಡಿದರೆ ‘ಚೆನ್ನಾಗಿದೆ’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ. ಚೆನ್ನಾಗಿದ್ದರೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಬೇಕು.

ಸಂಜೆ ಹೊತ್ತಿಗೆ ತೇಲಿ ನಿಲ್ಲುವುದು ಕಲಿತೆವು. ಏಳಲೂ ಇಲ್ಲ, ಮುಳುಗಲೂ ಇಲ್ಲ, ಅಲ್ಲೇ ನಿಂತಿರುವುದು. ಸೊಂಟದ ಸೀಸದ ತೂಕವೂ, ಬೇಕಾದಾಗ ತುಂಬಿಸಿ ಬೇಡವಾದಾಗ ಬಿಡಬಹುದಾದ ಜಾಕೆಟ್ಟಿನ ಗಾಳಿಯೂ ಸರಿಹೊಂದಿದ ಮೇಲೆ ಉಳಿದದ್ದನ್ನೆಲ್ಲ ಉಸಿರೇ ಮಾಡುತ್ತದೆ. ಎಳೆದರೆ ಮೆಲ್ಲಗೆ ಏಳುತ್ತೇವೆ, ಬಿಟ್ಟರೆ ಮೆಲ್ಲಗೆ ಇಳಿಯುತ್ತೇವೆ. ನನ್ನ ಮಂಡಿ ಸವೆದಿದೆ, ಮೆಟ್ಟಿಲು ಹತ್ತುವಾಗ ನೋಯುತ್ತದೆ. ನೀರಿನಲ್ಲಿ ಆ ಮಂಡಿ ಇದೆ ಅನ್ನುವುದೇ ಮರೆತುಹೋಯಿತು. ವಯಸ್ಸಾಯಿತು ಅಂತ ಹಿಂಜರಿಯುವವರಿಗೆ ಹೇಳುತ್ತೇನೆ: ಆರೋಗ್ಯ ಸರಿಯಿದ್ದರೆ ಇಲ್ಲಿ ಬಲಕ್ಕಿಂತ ಸಮಾಧಾನ ಮುಖ್ಯ. ಅವಸರದವರು ಗಾಳಿ ಬೇಗ ಮುಗಿಸುತ್ತಾರೆ. ನಿಧಾನಸ್ಥರು ಕೆಳಗೆ ಜಾಸ್ತಿ ಹೊತ್ತು ಇರುತ್ತಾರೆ.

ಶನಿವಾರ

ಬೆಳಿಗ್ಗೆ ಬೈನಾ ದಡದಿಂದ ದೋಣಿ. ಡಿಸೆಂಬರಿನ ಕಡಲು ಸಮ ಇತ್ತು. ಮಳೆಗಾಲದಲ್ಲಿ ಇಲ್ಲಿ ಡೈವಿಂಗ್ ಪೂರ್ತಿ ಬಂದ್. ಅಕ್ಟೋಬರಿನಿಂದ ಮೇ ತನಕ ಹಂಗಾಮು. ಗ್ರಾಂಡೆ ದ್ವೀಪ ದೂರದಿಂದ ಕಾಡು ತುಂಬಿದ ಗುಡ್ಡ. ಹತ್ತಿರ ಹೋದಾಗ ಕರಿ ಬಂಡೆಗಳ ಅಂಚು. ಆ ಬಂಡೆಗಳು ನೀರಿನೊಳಗೂ ಇಳಿದಿವೆ. ಹವಳ, ಮೀನು ಎಲ್ಲ ಅವುಗಳ ಮೇಲೇ.

ದೋಣಿಯಲ್ಲಿ ಸಿಲಿಂಡರ್ ಎತ್ತಿಕೊಡುವ ಹುಡುಗ ಇಳಕಲ್ ಕಡೆಯವನು. ನಮ್ಮ ಮಾತು ಕೇಳಿ ಅವನ ಮುಖ ಅರಳಿತು. ‘ಅಕ್ಕಾರ, ಹಿಂದಕ ನೋಡಬ್ಯಾಡ್ರಿ. ಮಾಸ್ಕ್ ಒತ್ತಿ ಹಿಡೀರಿ, ಗದ್ದ ಎದಿಗಿ ಹಚ್ಚಿ ಹಿಂದ ಬೀಳ್ರಿ, ಅಷ್ಟ’ ಅಂದ. ಅದಕ್ಕೂ ಮೊದಲು ತಂಗಿ, ನಾನು ಒಬ್ಬರನ್ನೊಬ್ಬರು ತಪಾಸಣೆ ಮಾಡಿಕೊಂಡೆವು. ಜಾಕೆಟ್, ತೂಕ, ಬಕಲ್, ಗಾಳಿ, ಕೊನೆಗೆ ಇನ್ನೊಮ್ಮೆ ಎಲ್ಲ. ಅವಳ ಉಸಿರು ನನ್ನ ಹೊಣೆ, ನನ್ನದು ಅವಳ ಹೊಣೆ. ಇಷ್ಟು ವರ್ಷದ ನೆಂಟಸ್ತಿಕೆಯಲ್ಲಿ ನಾವಿಬ್ಬರೂ ಹೀಗೆ ಗಮನವಿಟ್ಟು ಒಬ್ಬರನ್ನೊಬ್ಬರು ನೋಡಿರಲಿಲ್ಲ.

ಹಿಂದಕ್ಕೆ ಬಿದ್ದೆವು. ಹಗ್ಗ ಹಿಡಿದು ಇಳಿಯತೊಡಗಿದೆವು. ಪ್ರತಿ ತೋಳಿನಳತೆಗೂ ಮೂಗು ಹಿಡಿದು ಮೆಲ್ಲಗೆ ಊದಬೇಕು, ಕಿವಿ ಪಟ್ ಎಂದು ತೆರೆದುಕೊಳ್ಳುತ್ತದೆ. ತಂಗಿಯ ಒಂದು ಕಿವಿ ಹಟ ಹಿಡಿಯಿತು. ಇನ್‌ಸ್ಟ್ರಕ್ಟರ್ ಅವಳನ್ನು ಒಂದು ಮೀಟರ್ ಮೇಲೆ ಕರೆದೊಯ್ದರು, ಕಾದರು, ಮತ್ತೆ ಇಳಿಸಿದರು. ನೋವಾದರೆ ಇಳಿಯಬಾರದು, ಬಲವಂತವಾಗಿ ಊದಬಾರದು. ಸ್ವಲ್ಪ ಹೊತ್ತಿಗೆ ಅವಳೇ ಬೆರಳು ಸುತ್ತಿ ತೋರಿಸಿದಳು.

ಸುತ್ತ ಹಸಿರು. ಮೇಲೆ ತಿಳಿ ಹಸಿರು, ಕೆಳಗೆ ದಟ್ಟ ಹಸಿರು. ಮೊದಲ ಕ್ಷಣ ಗೆಳತಿಯರ ಮಾತೇ ನಿಜ ಅನಿಸುತ್ತದೆ. ಆಮೇಲೆ ಶಬ್ದ ಕೇಳಿತು. ಎಲ್ಲ ಕಡೆಯಿಂದಲೂ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಚಿಟಪಟ, ಚಿಟಪಟ. ಅದು ಬಂಡೆಯ ಬಿರುಕುಗಳಲ್ಲಿರುವ ಸಣ್ಣ ಸೀಗಡಿಗಳು ಕೊಂಡಿ ಸಿಡಿಸುವ ಸದ್ದು. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುತ್ತದೆ, ಹಾಗಾಗಿ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಕಡಲು ಮೌನ ಅಂತ ಯಾರು ಹೇಳಿದರೋ!

ಬಂಡೆ ಕಾಣಿಸಿತು. ಸುಮಾರು 7 ಮೀಟರ್ ಆಳ. ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಂಗೈಯಗಲದ ಒಂದು ಮೀನು. ಮೈಮೇಲೆ ಐದು ಕಪ್ಪು ಅಡ್ಡ ಪಟ್ಟೆ. ಸಾರ್ಜೆಂಟ್ ಮೇಜರ್ ಅನ್ನುತ್ತಾರೆ. ಉಳಿದವು ಗುಂಪಾಗಿ ಓಡಾಡುತ್ತಿದ್ದರೆ ಇದೊಂದು ಮಾತ್ರ ಬಂಡೆಯ ಒಂದು ಮೂಲೆ ಬಿಟ್ಟು ಕದಲುತ್ತಿರಲಿಲ್ಲ. ಬಣ್ಣವೂ ಬೇರೆ, ನೀಲಿ ತಿರುಗಿತ್ತು. ಇನ್‌ಸ್ಟ್ರಕ್ಟರ್ ಬೆರಳಿಟ್ಟು ತೋರಿಸಿದ ಮೇಲೆ ನೋಡಿದೆ: ಬಂಡೆಯ ಮೇಲೆ ನೇರಳೆ ಬಣ್ಣದ ಮಚ್ಚೆ, ರಾಗಿ ಕಾಳಿಗಿಂತ ಸಣ್ಣ ಮೊಟ್ಟೆಗಳು ಒತ್ತೊತ್ತಾಗಿ ಅಂಟಿಕೊಂಡಿವೆ. ಕಾಯುತ್ತಿರುವುದು ಅಪ್ಪ. ಈ ಜಾತಿಯಲ್ಲಿ ಮೊಟ್ಟೆ ಇಟ್ಟ ಮೇಲೆ ತಾಯಿ ಹೋಗಿಬಿಡುತ್ತದೆ, ಮೊಟ್ಟೆ ಒಡೆದು ಮರಿ ಬರುವ ತನಕ ಕಾವಲು ಗಂಡಿನದೇ. ಆ ಮೀನು ಈಜುರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತಿತ್ತು. ಸಣ್ಣ ಮೀನೊಂದು ಹತ್ತಿರ ಸುಳಿಯಿತು. ಅಪ್ಪ ಬಾಣದ ಹಾಗೆ ನುಗ್ಗಿ ಓಡಿಸಿ, ಅಷ್ಟೇ ಬೇಗ ವಾಪಸ್ ಬಂತು. ಆ ಗಡಿಬಿಡಿಯಲ್ಲಿ ಇನ್ನೊಂದು ಬದಿಯಿಂದ ಎರಡು ಮೀನು ಒಳಗೆ ಬಾಯಿ ಹಾಕಿದವು. ಅವನ್ನೂ ಓಡಿಸಿತು. ನಾನು ತುಸು ಮುಂದೆ ಹೋದಾಗ ನನ್ನ ಮಾಸ್ಕಿನ ಕಡೆಗೇ ನುಗ್ಗಿ ಬಂತು. ನನ್ನ ಒಂದು ಮುಷ್ಟಿಯಷ್ಟೂ ಇಲ್ಲ ಅದು. ನಾನು ಉಸಿರು ಬಿಟ್ಟು ಹಿಂದೆ ಸರಿದೆ.

20 ಮೀಟರ್ ಕಾಣುವ ನೀರಿನಲ್ಲಿ ಇದನ್ನು ನೋಡುತ್ತಿದ್ದೆನಾ? ನನಗೆ ಅನುಮಾನ. ದೂರದ ದೊಡ್ಡ ನೋಟಕ್ಕೆ ಕಣ್ಣು ಓಡಿಹೋಗುತ್ತಿತ್ತು. ಇಲ್ಲಿ ದೂರವೇ ಇಲ್ಲ. ಎದುರಿನ ಬಂಡೆಯಷ್ಟೇ ಇರುವುದು. ಹಾಗಾಗಿ ಬಂಡೆಯನ್ನೇ ನೋಡುತ್ತೇವೆ, ಮತ್ತೆ ನೋಡುತ್ತೇವೆ, ಬಿರುಕಿನಲ್ಲಿ ಮೊರೆ ಈಲ್ ಎಂಬ ಹಾವಿನಂಥ ಮೀನು ಬಾಯಿ ತೆರೆದು ಮುಚ್ಚುತ್ತಿರುವುದು ಕಾಣುತ್ತದೆ. ಅದು ಹೆದರಿಸುವುದಕ್ಕೆ ಅಲ್ಲ, ಉಸಿರಾಟಕ್ಕೆ. ಗೋವಾದ ನೀರಿನ ಬಗ್ಗೆ ಇನ್ನು ಯಾರಾದರೂ ಮೂಗು ಮುರಿದರೆ ನನ್ನ ಹತ್ತಿರ ಉತ್ತರ ಇದೆ.

ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ವಿರಾಮ. ಚಿಕ್ಕಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆವು. ಇಳಕಲ್ಲಿನ ಹುಡುಗನಿಗೂ ಪಾಲು. ಆಗ ಇನ್‌ಸ್ಟ್ರಕ್ಟರ್ ಹೇಳಿದ ಸಂಗತಿ ನನ್ನನ್ನು ಕುಣಿಸಿಬಿಟ್ಟಿತು. ಗೋವಾದ ಕಡಲಿನಲ್ಲಿ ಸೇಂಟ್ ಜಾರ್ಜ್ ರೀಫ್ ಎಂಬ ನೀರಿನಡಿಯ ಬಂಡೆಸಾಲಿನ ಹತ್ತಿರ ದೋಣಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಮುಳುಗಿದ ಹಡಗೊಂದರ ಸರಕು ಪತ್ತೆ ಮಾಡಿದ್ದಾರೆ. ಹಡಗಿನ ಮರವೆಲ್ಲ ಹೋಗಿದೆ. ಉಳಿದದ್ದು ಸುಟ್ಟ ಮಣ್ಣಿನ ಸಾಮಾನು: ಚಾವಣಿಯ ಹೆಂಚು, ನೆಲದ ಹೆಂಚು, ಕಂಬದ ತುಂಡುಗಳು. ಅವುಗಳ ಮೇಲೆ ಒತ್ತಿದ ಅಕ್ಷರ, ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ನಮ್ಮ ಮಂಗಳೂರು ಹೆಂಚು! ಧಾರವಾಡದ ನಮ್ಮ ಹಳೆ ಮನೆಯ ಮೇಲೆ ಇದ್ದದ್ದೂ ಮಂಗಳೂರು ಹೆಂಚೇ. ಅದೇ ತರಹದ ಹೆಂಚು ಇಲ್ಲಿ ನೀರಿನಡಿ, ಮೀನುಗಳ ನಡುವೆ ಬಿದ್ದಿದೆ. ಸುಂಚಿ ರೀಫ್‌ನಲ್ಲಿ ಇನ್ನೂ ಹಳೆಯದು ಸಿಕ್ಕಿದೆ. 17ನೇ ಶತಮಾನದ ಪೋರ್ಚುಗೀಸ್ ಹಡಗಿನದು: ಆನೆ ದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ, ಫಿರಂಗಿ. ಇದನ್ನೆಲ್ಲ ಹುಡುಕಿದ ವಿಜ್ಞಾನಿಗಳೂ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಇದೇ ಮಸುಕು ನೀರಿನಲ್ಲಿ ಇಂಚಿಂಚು ತಡವಿದವರು.

ಮಧ್ಯಾಹ್ನದ ಡೈವ್‌ನಲ್ಲಿ ಪರೀಕ್ಷೆಗಳೇ ಜಾಸ್ತಿ. ಮಾಸ್ಕ್, ರೆಗ್ಯುಲೇಟರ್, ಗಾಳಿ ಹಂಚಿಕೆ. ಎಲ್ಲ ಸರಿ ಹೋಯಿತು.

ಭಾನುವಾರ

ಇಂದು ಡೈವರ್‌ಗಳು ಸೂಝೀಸ್ ರೆಕ್ ಎಂದು ಕರೆಯುವ ಹಳೆ ಹಡಗಿನ ಅವಶೇಷಕ್ಕೆ ಹೋದೆವು. ಹಡಗಿನ ಆಕಾರ ಒಂದೇ ನೋಟಕ್ಕೆ ಕಾಣುವುದಿಲ್ಲ. ಮೊದಲು ಒಂದು ಕಬ್ಬಿಣದ ಅಂಚು ಹಸಿರಿನೊಳಗಿಂದ ಬರುತ್ತದೆ, ಆಮೇಲೆ ಬಾಗಿದ ತಗಡು, ಆಮೇಲೆ ಇನ್ನೊಂದು. ನಿಧಾನವಾಗಿ ತುಂಡು ತುಂಡನ್ನು ನಾವೇ ತಲೆಯಲ್ಲಿ ಜೋಡಿಸಿಕೊಳ್ಳಬೇಕು. ಕಬ್ಬಿಣ ಕಾಣುವ ಜಾಗವೇ ಕಡಿಮೆ. ಮೇಲೆಲ್ಲ ಜೀವ ಹತ್ತಿದೆ.

ಇನ್‌ಸ್ಟ್ರಕ್ಟರ್ ಟಾರ್ಚ್ ಹಾಕಿದರು. ಆವರೆಗೆ ಕಂದು, ಬೂದು ಅಂದುಕೊಂಡಿದ್ದ ಸ್ಪಂಜು ಕೆಂಪಗೆ ಹೊತ್ತಿಕೊಂಡಿತು. ನೀರು ಮೊದಲು ಕೆಂಪು ಬಣ್ಣವನ್ನೇ ನುಂಗುತ್ತದೆ. ಕೆಲವೇ ಮೀಟರ್ ಇಳಿದರೆ ಕೆಂಪು ಮಸುಕಾಗಿ ಮಾಯ. ಬಣ್ಣ ಅಲ್ಲೇ ಇರುತ್ತದೆ, ಬೆಳಕು ಮಾತ್ರ ಇಲ್ಲ. ಟಾರ್ಚ್ ಸರಿಸಿದಂತೆಲ್ಲ ಕಿತ್ತಳೆ, ಕೆಂಪು, ನೇರಳೆ. ಸಿಂಹಮೀನೊಂದು ಗರಿಗಳನ್ನೆಲ್ಲ ಬಿಚ್ಚಿ ತಗಡಿನ ಕೆಳಗೆ ತಲೆಕೆಳಗಾಗಿ ನಿಂತಿತ್ತು. ಅದರ ಮುಳ್ಳಿನಲ್ಲಿ ವಿಷ, ದೂರದಿಂದಲೇ ನೋಡಿದೆವು. ಒಳಗಿನ ಕತ್ತಲಲ್ಲಿ ದಪ್ಪ ತುಟಿಯ ದೊಡ್ಡ ಮೀನು. ತಂಗಿ ಮೇಲೆ ಬಂದ ಮೇಲೆ ಹೇಳಿದಳು, ಅದು ಗೋಬ್ರೊ ಅಂತೆ. ವಾಸ್ಕೋ ಮಾರುಕಟ್ಟೆಯಲ್ಲಿ ಐಸಿನ ಮೇಲೆ ಎಷ್ಟೋ ಸಲ ಕಂಡಿದ್ದಾಳೆ. ಅದು ಕಣ್ಣು ಹೊರಳಿಸಿ ಅವಳನ್ನೇ ನೋಡಿದ್ದು ಇದೇ ಮೊದಲು.

ಒಂದು ವಿಷಯ ಬೇಸರ ತರಿಸಿತು. ಗ್ರಾಂಡೆಗೆ ಬರುವ ಬಹಳಷ್ಟು ಮಂದಿ ಒಂದು ದಿನದ ಪ್ಯಾಕೇಜಿನಲ್ಲಿ ಬರುತ್ತಾರೆ. ಕೆಲವು ನಿಮಿಷ ನೀರಿನೊಳಗೆ, ಒಂದು ವಿಡಿಯೋ, ಮುಗಿಯಿತು. ರುಚಿ ನೋಡುವುದಕ್ಕೆ ಅದೂ ಸರಿಯೇ. ಆದರೆ ಫೋಟೋದಲ್ಲಿ ಮೀನು ಮುತ್ತಬೇಕು ಅಂತ ಬ್ರೆಡ್ ಪುಡಿ ಹಾಕುವುದು ಖಂಡಿತ ತಪ್ಪು. ಪಾಚಿ ಮೇಯಬೇಕಾದ ಮೀನು ಬ್ರೆಡ್ಡಿಗೆ ಕಾದು ನಿಲ್ಲುವುದನ್ನು ಕಲಿಯುತ್ತದೆ. ಆ ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. ಹವಳದ ಮೇಲೆ ಕಾಲಿಟ್ಟು ನಿಲ್ಲುವುದೂ ಹಾಗೆಯೇ. ನೋಡಲು ಕಲ್ಲು, ಆದರೆ ಜೀವ. ನೀವು ಹೋದರೆ ಮೊದಲೇ ಹೇಳಿಬಿಡಿ: ನಮಗೆ ಬ್ರೆಡ್ ಬೇಡ, ಐದು ನಿಮಿಷ ಜಾಸ್ತಿ ನೋಡಲು ಬಿಡಿ ಅಂತ. ಒಬ್ಬ ಇನ್‌ಸ್ಟ್ರಕ್ಟರ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ ಅಂತಲೂ ಕೇಳಿ.

ಮೇಲೆ ಬರುವಾಗ 5 ಮೀಟರಿನಲ್ಲಿ 3 ನಿಮಿಷ ನಿಲ್ಲುತ್ತೇವೆ. ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ. ಅದು ಗುಳ್ಳೆಯಾಗದೆ ನಿಧಾನಕ್ಕೆ ಉಸಿರಿನ ಮೂಲಕ ಹೊರಗೆ ಹೋಗಲಿ ಅಂತ ಈ ನಿಲುಗಡೆ. ಹಗ್ಗ ಹಿಡಿದು ನಿಂತಾಗ ಮಾಡುವ ಕೆಲಸ ಏನೂ ಇಲ್ಲ. ತಂಗಿಯ ಗುಳ್ಳೆಗಳು, ನನ್ನ ಗುಳ್ಳೆಗಳು ಮೇಲಿನ ಬೆಳಕಿನ ಕಡೆ ಹೋಗುವುದನ್ನು ನೋಡುತ್ತ ನಿಂತೆವು. ಅವಳು ಮಾಸ್ಕಿನೊಳಗೇ ನಗುತ್ತಿದ್ದಳು. ನಕ್ಕರೆ ಕೆನ್ನೆಯ ಗೆರೆಯಿಂದ ನೀರು ಒಳಬರುತ್ತದೆ. ಊದಿ ಹೊರಹಾಕಿ ಮತ್ತೆ ನಕ್ಕಳು.

ಸೋಮವಾರ

ಭಾನುವಾರ ರಾತ್ರಿಯ ರೈಲಿಗೇ ಹೊರಡಬಹುದಿತ್ತು. ಹೊರಡಲಿಲ್ಲ. ಒಂದಕ್ಕಿಂತ ಜಾಸ್ತಿ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಕಾಯಬೇಕು ಅನ್ನುವುದು ಎಲ್ಲರಿಗೂ ಹೇಳುತ್ತಾರೆ. ನಮ್ಮ ಕಡೆಯವರು ಮರೆಯುವುದು ಘಟ್ಟವನ್ನು. ಧಾರವಾಡ, ಬೆಳಗಾವಿ ಎರಡೂ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿವೆ. ರೈಲಿರಲಿ, ಕಾರಿರಲಿ, ಚೋರ್ಲಾ ಘಾಟ್ ಬಸ್ಸಿರಲಿ, ಡೈವ್ ಮುಗಿಸಿದ ಸಂಜೆಯೇ ಅಷ್ಟು ಎತ್ತರಕ್ಕೆ ಏರುವುದು ಒಳ್ಳೆಯದಲ್ಲ. ಮೇಲೆ ಗಾಳಿಯ ಒತ್ತಡ ಕಡಿಮೆ, ಮೈಯಲ್ಲಿ ಉಳಿದ ನೈಟ್ರೋಜನ್ ಗುಳ್ಳೆಯಾಗುವ ಅಪಾಯ ಇದೆ. ಹುಬ್ಬಳ್ಳಿ, ಬೆಳಗಾವಿಯಿಂದ ಗೋವಾಕ್ಕೆ ಡೈವಿಂಗಿಗೆ ಹೋಗುವವರು ಕೊನೆಯ ಒಂದು ದಿನವನ್ನು ಸುಮ್ನೆ ಕೆಳಗೇ ಕಳೆಯುವ ಹಾಗೆ ರಜೆ ಹಾಕಿಕೊಳ್ಳಿ.

ಆ ದಿನ ಲಾಗ್‌ಬುಕ್ ತುಂಬಿಸಿದೆವು. ಆಳ, ಹೊತ್ತು, ಇಳಿದಾಗ ಎಷ್ಟು ಗಾಳಿ, ಬಂದಾಗ ಎಷ್ಟು, ಏನು ಕಂಡೆವು. ಇನ್‌ಸ್ಟ್ರಕ್ಟರ್ ಸಹಿ ಹಾಕಿದರು. ಅಲ್ಲಿಗೆ ನಮ್ಮ ಕೋರ್ಸ್ ಮುಗಿಯಿತು, ಇನ್ನು ನಾವಿಬ್ಬರೂ 18 ಮೀಟರ್ ತನಕ ಎಲ್ಲಿ ಬೇಕಾದರೂ ಜೊತೆಯಾಗಿ ಇಳಿಯಬಹುದು. ಚಿಕ್ಕಮ್ಮ ಪಟ್ಟಿ ಓದಿಸಿಕೊಂಡು ಕೇಳಿದರು. ಮೊಟ್ಟೆ ಕಾಯುವ ಅಪ್ಪನ ಸುದ್ದಿಯನ್ನು ಎರಡು ಸಲ ಹೇಳಿಸಿದರು.

ಸಂಜೆ ತಂಗಿಯೇ ಮಾತು ತೆಗೆದಳು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ನಮ್ಮ ಕರ್ನಾಟಕದ್ದೇ. ಅಲ್ಲಿ ನೀರು ಇಲ್ಲಿಗಿಂತ ತಿಳಿ. ಮಡಗಾಂವ್‌ನಿಂದ ಕೊಂಕಣ ರೈಲಿನಲ್ಲಿ ಅವಳು, ಧಾರವಾಡದಿಂದ ಬಸ್ಸಿನಲ್ಲಿ ನಾನು. ಹಂಗಾಮು ಮುಗಿಯುವುದರೊಳಗೆ ಎಂದು ಫೆಬ್ರವರಿಗೆ ಟಿಕೆಟ್ ತೆಗೆದೇಬಿಟ್ಟೆವು. ಟಾರ್ಚ್ ಮಾತ್ರ ಈ ಸಲ ನಮ್ಮದೇ ಇರಬೇಕು ಅಂತ ಅವಳ ಹಟ. ಅದನ್ನು ನಾನು ಕೊಳ್ಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ.